ಘಾಟಿ ಹತ್ತುವಾಗ ಹಳದಿ ಎಂಜಿನ್ ಲೈಟ್ ಬಂತು. ಧಾರವಾಡಕ್ಕೆ ಹೋಗಬಹುದಾ?

ಡೊಂಬಿವಲಿ_ಧಾರವಾಡ

ಎಲ್ಲರಿಗೂ ನಮಸ್ಕಾರ. ನನ್ನದು ಐದು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಈ ವರ್ಷ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಮೊನ್ನೆ ಪುಣೆಗೆ ಹೊರಟಿದ್ದೆ. ಖೋಪೋಲಿ ದಾಟಿ ಘಾಟಿ ಹತ್ತುವಾಗ ಗಾಡಿ ಒಂದೆರಡು ಸಲ ಜರ್ಕ್ ಹೊಡೆಯಿತು. ಎಂಜಿನ್ ಚಿತ್ರದ ಹಳದಿ ಲೈಟ್ ಬಂತು. ಮೊದಲು ಮಿಣುಕಿತು, ಆಮೇಲೆ ಸುಮ್ಮನೆ ಹತ್ತಿಕೊಂಡೇ ನಿಂತಿತು. ಲೋಣಾವಳಾದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಹೋಗಲಿಲ್ಲ. ಸಪಾಟು ರಸ್ತೆಯಲ್ಲಿ ಗಾಡಿ ಚೆನ್ನಾಗಿಯೇ ಓಡುತ್ತದೆ.

ಮನೆ ಹತ್ತಿರದ ಗ್ಯಾರೇಜಿನವನು ಬಾನೆಟ್ ಕೂಡ ತೆಗೆಯದೆ "ಸೆನ್ಸರ್ ಗಯಾ, ಎಂಟು ಸಾವಿರ" ಅಂದ. ಇನ್ನೊಬ್ಬ "ಬ್ಯಾಟರಿ ವೈರ್ ಬಿಚ್ಚಿ ಹಾಕಿ, ಲೈಟ್ ಹೋಗುತ್ತದೆ" ಅಂದ. ದೀಪಾವಳಿಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಧಾರವಾಡಕ್ಕೆ ಹೋಗಬೇಕು. ಹೀಗೇ ಓಡಿಸಬಹುದಾ? ಹಳೇ ಮಾಲೀಕ ಮ್ಯಾನ್ಯುಯಲ್ ಕೊಟ್ಟಿಲ್ಲ, ಉಳಿದ ಚಿಹ್ನೆಗಳೂ ಅಷ್ಟಕ್ಕಷ್ಟೇ ಗೊತ್ತು.

ವಡಾಲಾ_ವಠಾರ

ಬ್ಯಾಟರಿ ವೈರ್ ಬಿಚ್ಚುವುದಕ್ಕಿಂತ ಕಪ್ಪು ಟೇಪ್ ಅಗ್ಗ. ನಮ್ಮ ಸೋದರಮಾವ ಅದನ್ನೇ ಅಂಟಿಸಿಕೊಂಡು ಓಡಿಸುತ್ತಾರೆ 😄

ಕೋಥ್ರೂಡ್_ಕಟ್ಟೆ

ತಮಾಷೆ ಇರಲಿ. ಮಿಣುಕಿತು ಅಂದಿರಲ್ಲ, ಅದೇ ಮುಖ್ಯ. ಹತ್ತಿ ನಿಂತ ಲೈಟ್ ಬೇರೆ, ಮಿಣುಕುವ ಲೈಟ್ ಬೇರೆ. ಯಾವ ಸೆನ್ಸರ್ ಹೋಗಿದೆ ಎಂದು ಸ್ಕ್ಯಾನರ್ ಹಾಕದೆ ಹೇಳುವವನಿಗೆ ಒಂದು ರೂಪಾಯಿ ಕೊಡಬೇಡಿ.

ಘಾಟಿ_ಗೇರು

ಕೋಥ್ರೂಡ್ ಅವರು ಹೇಳಿದ್ದು ಸರಿ. ನಾನು ಪಿಂಪ್ರಿ ಕಡೆ ವರ್ಕ್‌ಶಾಪಿನಲ್ಲಿ ಇದೇ ಕೆಲಸ ಮಾಡುತ್ತೇನೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಲೈಟ್ ಮಿಣುಕಿದರೆ ಸಾಮಾನ್ಯವಾಗಿ ಮಿಸ್‌ಫೈರ್. ಅಂದರೆ ಯಾವುದೋ ಸಿಲಿಂಡರಿನಲ್ಲಿ ಕಿಡಿ ಸರಿಯಾಗಿ ಬೀಳುತ್ತಿಲ್ಲ, ಅಥವಾ ಪೆಟ್ರೋಲ್ ಸರಿಯಾಗಿ ಹೋಗುತ್ತಿಲ್ಲ. ಉರಿಯದ ಪೆಟ್ರೋಲ್ ಸೀದಾ ಸೈಲೆನ್ಸರ್ ಕಡೆ ಹೋಗಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ. ಕನ್ವರ್ಟರ್ ವಿಪರೀತ ಕಾಯುತ್ತದೆ, ಒಳಗಿನ ಜಾಲರಿ ಕರಗಲೂಬಹುದು. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತವೆ, ಆದ್ದರಿಂದ ಬೆಲೆ ಕೇಳಿದರೆ ಎದೆ ಝಲ್ ಎನ್ನುತ್ತದೆ. "ಈಗಲೇ ಕಾಲು ತೆಗಿ" ಎಂದು ಹೇಳುವುದಕ್ಕೇ ಅದು ಮಿಣುಕುವುದು. ಆಕ್ಸಿಲರೇಟರ್ ಕಡಿಮೆ ಮಾಡಬೇಕು, ಮಿಣುಕು ನಿಲ್ಲದಿದ್ದರೆ ಪಕ್ಕಕ್ಕೆ ಹಾಕಬೇಕು.

ಘಾಟಿಯಲ್ಲೇ ಯಾಕೆ ಬಂತು ಎಂದರೆ, ಲೋಡ್ ಹೆಚ್ಚಾದಾಗ ಸಿಲಿಂಡರಿನ ಒಳಗೆ ಒತ್ತಡವೂ ಹೆಚ್ಚು. ಅಷ್ಟು ಒತ್ತಡದಲ್ಲಿ ಕಿಡಿ ಹಾರಿಸಲು ಕಾಯಿಲ್ ಗಟ್ಟಿಯಾಗಿರಬೇಕು. ಸೋತ ಕಾಯಿಲ್, ಸವೆದ ಪ್ಲಗ್ ಸಪಾಟು ರಸ್ತೆಯಲ್ಲಿ ಹೇಗೋ ನಡೆಸಿಕೊಂಡು ಹೋಗುತ್ತವೆ, ಏರು ಬಂದರೆ ಕೈಕೊಡುತ್ತವೆ.

ಸ್ಟೀರಿಂಗಿನ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ, ಅದೇ ಒಬಿಡಿ ಪೋರ್ಟ್. ಸ್ಕ್ಯಾನರ್ ಚುಚ್ಚಿದರೆ ಕೋಡ್ ಸಿಗುತ್ತದೆ. ಪಿ0300 ಬಂದರೆ ಇಂಥದ್ದೇ ಸಿಲಿಂಡರ್ ಎಂದಿಲ್ಲ, ಅಲ್ಲಲ್ಲಿ ಮಿಸ್‌ಫೈರ್ ಆಗುತ್ತಿದೆ. ಪಿ0301 ಅಂದರೆ ಒಂದನೆಯ ಸಿಲಿಂಡರ್, ಪಿ0302 ಅಂದರೆ ಎರಡನೆಯದು, ಹೀಗೆ. ಬ್ಯಾಟರಿ ವೈರ್ ಬಿಚ್ಚಿಸಬೇಡಿ. ಲೈಟ್ ಹೋಗುತ್ತದೆ, ಜೊತೆಗೆ ಕೋಡೂ ಹೋಗುತ್ತದೆ, ರೋಗ ಅಲ್ಲೇ ಉಳಿಯುತ್ತದೆ.

ಮುಲುಂಡ್_ಮಲ್ಲಿಗೆ

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲ ಇದ್ದರೂ ಈ ಲೈಟ್ ಬರುತ್ತದೆ ಎಂದು ಒಂದು ವಿಡಿಯೋದಲ್ಲಿ ನೋಡಿದ್ದೆ. ಮೊದಲು ಅದನ್ನು ಬಿಗಿ ಮಾಡಿ ನೋಡಿ.

ಘಾಟಿ_ಗೇರು

ಆ ವಿಡಿಯೋ ಅಮೆರಿಕದ್ದು ಇರಬೇಕು ಮೇಡಂ. ಅಲ್ಲಿ 1996ರಿಂದ ಕಾರುಗಳಿಗೆ ಒಬಿಡಿ-2 ಕಡ್ಡಾಯ. ಟ್ಯಾಂಕಿನಿಂದ ಪೆಟ್ರೋಲ್ ಆವಿ ಸೋರುತ್ತಿದೆಯಾ ಎಂದೂ ಅವರ ಕಾರುಗಳು ಪರೀಕ್ಷೆ ಮಾಡುತ್ತವೆ. ಇಲ್ಲಿನ ಸಾಮಾನ್ಯ ಹ್ಯಾಚ್‌ಬ್ಯಾಕಿನಲ್ಲಿ ಅದನ್ನು ನಂಬಿ ಕೂರಬೇಡಿ. ಮುಚ್ಚಳ ಬಿಗಿ ಮಾಡಿದರೆ ನಷ್ಟವೇನಿಲ್ಲ, ಆದರೆ ಜರ್ಕ್ ಹೊಡೆದು ಮಿಣುಕಿದ್ದಕ್ಕೆ ಅದು ಕಾರಣ ಅಲ್ಲ.

ವಾಸ್ಕೋ_ವಾರಾಂತ್ಯ

ಈ ಲೈಟುಗಳ ವಿಷಯದಲ್ಲಿ ಬಣ್ಣ ನೋಡಿದರೆ ಅರ್ಧ ಉತ್ತರ ಸಿಕ್ಕಿತು. ಕೆಂಪು ಅಂದರೆ ಅಪಾಯ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಹಳದಿ ಅಂದರೆ ಬೇಗ ತೋರಿಸಿ. ಹಸಿರು, ನೀಲಿ ಬರೀ ಮಾಹಿತಿ. ಹೈ ಬೀಮ್ ನೀಲಿ, ಇಂಡಿಕೇಟರ್ ಹಸಿರು. ಚಿಹ್ನೆಗಳಿಗೆ ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ, ಅದಕ್ಕೇ ಎಲ್ಲಾ ಕಂಪನಿಗಳಲ್ಲೂ ಚಿತ್ರಗಳು ಹೆಚ್ಚುಕಡಿಮೆ ಒಂದೇ. ಮ್ಯಾನ್ಯುಯಲ್ ಬೇಕಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ, ಬಹಳ ಮಾಡೆಲ್‌ಗಳದ್ದು ಪಿಡಿಎಫ್ ಸಿಗುತ್ತದೆ.

ವಡಾಲಾ_ವಠಾರ

ನಮ್ಮ ಜನಕ್ಕೆ ಸಿಗ್ನಲ್ಲಿನ ಕೆಂಪೇ ಕಾಣುವುದಿಲ್ಲ. ಡ್ಯಾಶ್‌ಬೋರ್ಡಿನದು ಕಾಣುತ್ತದಾ?

ನಿಪ್ಪಾಣಿ_ನೇರ

ಕೆಂಪು ಬಂದರೆ ನಿಲ್ಲಲೇಬೇಕು ಅಂತೇನಿಲ್ಲ ರೀ. ಎಣ್ಣೆ ಗಿಂಡಿ ಲೈಟ್ ಬಂದರೆ ಒಂದು ಲೀಟರ್ ಎಂಜಿನ್ ಆಯಿಲ್ ಹಾಕಿ, ಹೊರಡಿ. ನಾನು ಹಾಗೇ ಮಾಡುವುದು.

ಘಾಟಿ_ಗೇರು

ಅಲ್ಲ ಸರ್, ಇಲ್ಲಿ ನಾನು ಒಪ್ಪುವುದಿಲ್ಲ. ಆ ಕೆಂಪು ಗಿಂಡಿ ತೋರಿಸುವುದು ಎಣ್ಣೆಯ ಒತ್ತಡ, ಎಣ್ಣೆ ಎಷ್ಟಿದೆ ಎಂದಲ್ಲ. ಎಣ್ಣೆ ಕಡಿಮೆಯಾಗಿ ಒತ್ತಡ ಬಿದ್ದಿರಬಹುದು. ಆಯಿಲ್ ಪಂಪ್ ಹೋಗಿರಬಹುದು, ಜಾಲರಿ ಕಟ್ಟಿಕೊಂಡಿರಬಹುದು, ಬೇರಿಂಗ್ ಸವೆದಿರಬಹುದು. ಬರೀ ಒತ್ತಡದ ಸ್ವಿಚ್ ಹಾಳಾಗಿದ್ದರೂ ಇರಬಹುದು. ಯಾವುದು ಎಂದು ಸೀಟಿನಲ್ಲಿ ಕೂತು ಗೊತ್ತಾಗುವುದಿಲ್ಲ. ಒತ್ತಡ ಇಲ್ಲದೆ ಓಡಿದರೆ ಎಂಜಿನ್ ಹಾಳಾಗಲು ಕೆಲವೇ ನಿಮಿಷ ಸಾಕು. ಪಕ್ಕಕ್ಕೆ ಹಾಕಿ, ಆಫ್ ಮಾಡಿ, ಸ್ವಲ್ಪ ಕಾದು ಡಿಪ್‌ಸ್ಟಿಕ್ (ಎಣ್ಣೆ ಅಳೆಯುವ ಕಡ್ಡಿ) ನೋಡಿ. ಎಣ್ಣೆ ಕಡಿಮೆ ಇದ್ದರೆ ಹಾಕಿ ಸ್ಟಾರ್ಟ್ ಮಾಡಿ. ಆಗಲೂ ಲೈಟ್ ಇದ್ದರೆ ಟೋ ಮಾಡಿಸಿ.

ನಿಪ್ಪಾಣಿ_ನೇರ

ಮೂವತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ, ಇನ್ನೂ ಒಂದೂ ಎಂಜಿನ್ ಹೋಗಿಲ್ಲ.

ಫೋಂಡಾ_ಫಣಸು

ಅದು ನಿಮ್ಮ ಅದೃಷ್ಟ ಮಾರಾಯ್ರೇ. ನಮ್ಮ ಭಾವ ಅಂಬೋಲಿ ಘಾಟಿಯಲ್ಲಿ ಮಳೆಗಾಲದಲ್ಲಿ ಇಳಿಯುವಾಗ ಗುಂಡಿಯ ಕಲ್ಲಿಗೆ ಗಾಡಿಯ ಹೊಟ್ಟೆ ತಾಗಿತು. ತಿರುವಿನಲ್ಲಿ ಮಾತ್ರ ಕೆಂಪು ಗಿಂಡಿ ಬಂದು ಹೋಗುತ್ತಿತ್ತು. "ನೇರ ರಸ್ತೆಯಲ್ಲಿ ಇಲ್ಲವಲ್ಲ" ಎಂದು ಸಾವಂತವಾಡಿವರೆಗೆ ಓಡಿಸಿದರು. ಸಂಪ್, ಅಂದರೆ ಎಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ತಟ್ಟೆ, ಬಿರುಕು ಬಿಟ್ಟು ಎಣ್ಣೆ ಸೋರಿ, ಉಳಿದ ಸ್ವಲ್ಪ ಎಣ್ಣೆ ತಿರುವಿನಲ್ಲಿ ಒಂದು ಕಡೆ ಸರಿಯುತ್ತಿತ್ತು. ಪಂಪಿಗೆ ಗಾಳಿ ಸಿಗುತ್ತಿತ್ತು. ಸಂಪಿಗೆ ಸಾವಿರಗಳಲ್ಲಿ ಮುಗಿಯುವ ಖರ್ಚು ಎಂಜಿನ್ ರಿಪೇರಿಗೆ ಹೋಗಿ ಮುಟ್ಟಿತು.

ಚೆಂಬೂರು_ಚಕ್ಲಿ

ಅಂಬೋಲಿ ಅಂದ ಕೂಡಲೇ ಭಜ್ಜಿ ನೆನಪಾಯಿತು. ಮಂಜಿನಲ್ಲಿ ನಿಂತು ಬಿಸಿ ಬಿಸಿ…

ಕೋಥ್ರೂಡ್_ಕಟ್ಟೆ

ಭಜ್ಜಿ ಆಮೇಲೆ. ಡೊಂಬಿವಲಿ ಅವರೇ, ನಿಮ್ಮದು ಸೆಕೆಂಡ್ ಹ್ಯಾಂಡ್ ಅಂದಿರಲ್ಲ. ಒಂದು ಪರೀಕ್ಷೆ ಮಾಡಿ. ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ. ಎಚ್ಚರಿಕೆಯ ಲೈಟುಗಳು ಒಮ್ಮೆ ಬರಬೇಕು. ಏರ್‌ಬ್ಯಾಗ್, ಎಬಿಎಸ್ (ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಲೈಟ್ ಕೆಲವು ಸೆಕೆಂಡಿನಲ್ಲಿ ತಾವೇ ಹೋಗುತ್ತವೆ. ಎಂಜಿನ್, ಬ್ಯಾಟರಿ, ಆಯಿಲ್ ಲೈಟ್ ಸ್ಟಾರ್ಟ್ ಮಾಡಿದ ಮೇಲೆ ಹೋಗುತ್ತವೆ. ಹೋಗದ ಲೈಟಿನ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಬರಲೇ ಇಲ್ಲದ ಲೈಟನ್ನು ಯಾರೂ ನೋಡುವುದಿಲ್ಲ. ಆಕ್ಸಿಡೆಂಟ್ ಆಗಿ ಏರ್‌ಬ್ಯಾಗ್ ಒಡೆದ ಗಾಡಿಗೆ ಹೊಸ ಬ್ಯಾಗ್ ಹಾಕದೆ, ಲೈಟನ್ನೇ ಕಿತ್ತು ಮಾರುವವರು ಇದ್ದಾರೆ.

ಡೊಂಬಿವಲಿ_ಧಾರವಾಡ

ಈಗಲೇ ಕೆಳಗೆ ಹೋಗಿ ನೋಡಿ ಬಂದೆ. ಎಲ್ಲಾ ಲೈಟೂ ಬಂದವು, ಏರ್‌ಬ್ಯಾಗ್ ಬಂದು ಹೋಯಿತು. ಎಂಜಿನ್ ಲೈಟ್ ಮಾತ್ರ ಸ್ಟಾರ್ಟ್ ಮಾಡಿದ ಮೇಲೂ ಇದೆ. ಇನ್ನೊಂದು ಅನುಮಾನ. ನನ್ನ ಗಾಡಿಯಲ್ಲಿ ಟೆಂಪರೇಚರ್ ತೋರಿಸುವ ಕಾಟಾನೇ (ಮುಳ್ಳು) ಇಲ್ಲ! ಬೆಳಿಗ್ಗೆ ನೀಲಿ ಲೈಟ್ ಬರುತ್ತದೆ, ಆಮೇಲೆ ಹೋಗುತ್ತದೆ. ಇದನ್ನೂ ಹಳೇ ಮಾಲೀಕ ಕಿತ್ತಿದ್ದಾನಾ?

ವಾಸ್ಕೋ_ವಾರಾಂತ್ಯ

ಇಲ್ಲ ಇಲ್ಲ, ಪಾಪ ಅವನನ್ನು ಬಿಡಿ. ಬಹಳ ಸಣ್ಣ ಕಾರುಗಳಲ್ಲಿ ಈಗ ಕಾಟಾ ಇಲ್ಲ. ಮಾರುತಿಯ ಹಲವು ಮಾಡೆಲ್‌ಗಳಲ್ಲೂ ಹೀಗೇ. ಎಂಜಿನ್ ತಣ್ಣಗಿದ್ದರೆ ನೀಲಿ, ಕಾದ ಮೇಲೆ ಏನೂ ಇಲ್ಲ, ವಿಪರೀತ ಕಾದರೆ ಕೆಂಪು. ನೀಲಿ ಹೋಗುವ ತನಕ ಜೋರಾಗಿ ಒತ್ತಬೇಡಿ, ಅಷ್ಟೇ.

ಕೋಥ್ರೂಡ್_ಕಟ್ಟೆ

ಕಾಟಾ ಇಲ್ಲದಿರುವುದೇ ನನಗೆ ದೊಡ್ಡ ಸಿಟ್ಟು. ಕೆಂಪು ಬರುವಷ್ಟರಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗದ ಸೀಲ್) ಹೋಗಿರುತ್ತದೆ. ಕಾಟಾ ಇದ್ದರೆ ನಿಧಾನಕ್ಕೆ ಏರುವುದು ಕಾಣುತ್ತದೆ, ಮೊದಲೇ ನಿಲ್ಲಿಸಬಹುದು.

ಘಾಟಿ_ಗೇರು

ಕಾಟಾ ಇದ್ದರೂ ಪೂರ್ತಿ ನಂಬಬೇಡಿ. ಈಗಿನ ಬಹಳ ಕಾರುಗಳಲ್ಲಿ ಆ ಕಾಟಾ ಸೀದಾ ಸೆನ್ಸರ್ ಹೇಳಿದ್ದನ್ನು ತೋರಿಸುವುದಿಲ್ಲ. ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) 80 ಡಿಗ್ರಿಯ ಆಸುಪಾಸಿನಲ್ಲಿದ್ದರೂ, 100 ದಾಟಿದ್ದರೂ ಕಾಟಾ ನಡುವೆಯೇ ನಿಂತಿರುವಂತೆ ಕಂಪನಿಯವರೇ ಪ್ರೋಗ್ರಾಂ ಮಾಡಿರುತ್ತಾರೆ. ಕಾಟಾ ಒಂದು ಚೂರು ಅಲ್ಲಾಡಿದರೂ ಜನ ಸರ್ವಿಸ್ ಸೆಂಟರಿಗೆ ಓಡಿ ಬರುತ್ತಾರಲ್ಲ, ಅದಕ್ಕೆ. ಹಾಗಾಗಿ ಅಂಥ ಗಾಡಿಯಲ್ಲಿ ಕಾಟಾ ನಡುವಿನಿಂದ ಮೇಲೆ ಹೊರಟಿತು ಅಂದರೆ ವಿಷಯ ಆಗಲೇ ಗಂಭೀರ ಆಗಿದೆ. ನಿಜವಾದ ಡಿಗ್ರಿ ಬೇಕಾದರೆ ಒಬಿಡಿ ಡಾಂಗಲ್ ಚುಚ್ಚಿ ಫೋನಿನಲ್ಲಿ ನೋಡಿ. ಸಾಮಾನ್ಯವಾಗಿ 90ರ ಆಚೀಚೆ ಇರುತ್ತದೆ.

ಮುಲುಂಡ್_ಮಲ್ಲಿಗೆ

ಕೆಂಪು ಬಂದರೆ ಏನು ಮಾಡಬೇಕು? ರೇಡಿಯೇಟರಿಗೆ ನೀರು ಹಾಕಬೇಕಾ?

ನಿಪ್ಪಾಣಿ_ನೇರ

ಎಸಿ ಆಫ್, ಹೀಟರ್ ಫುಲ್. ಎಂಜಿನ್ನಿನ ಬಿಸಿ ಕ್ಯಾಬಿನ್ನಿಗೆ ಬಂದು ಸ್ವಲ್ಪ ತಣ್ಣಗಾಗುತ್ತದೆ. ಹಳೇ ಡ್ರೈವರುಗಳ ಉಪಾಯ.

ವಡಾಲಾ_ವಠಾರ

ಮೇ ತಿಂಗಳಲ್ಲಿ, ಸಾಯನ್ ಟ್ರಾಫಿಕ್ಕಿನಲ್ಲಿ, ಹೀಟರ್ ಫುಲ್. ಮನೆಯವರೆಲ್ಲ ಇಳಿದು ಬೆಸ್ಟ್ ಬಸ್ಸು ಹತ್ತುತ್ತಾರೆ.

ಘಾಟಿ_ಗೇರು

ನಿಪ್ಪಾಣಿ ಅವರ ಉಪಾಯ ಸರಿಯೇ, ನಿಲ್ಲಿಸುವ ಜಾಗ ಸಿಗುವ ತನಕ ಮಾತ್ರ. ಸುರಂಗದೊಳಗೆ, ತಿರುವಿನಲ್ಲಿ ಸಿಕ್ಕಿಬಿದ್ದಾಗ ಉಪಯೋಗಕ್ಕೆ ಬರುತ್ತದೆ. ಆಮೇಲೆ ನಿಲ್ಲಿಸಿ ಆಫ್ ಮಾಡಲೇಬೇಕು.

ಮುಲುಂಡ್ ಮೇಡಂ, ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಒಳಗೆ ಒತ್ತಡ ಇರುವುದರಿಂದಲೇ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗಿ ಅಷ್ಟೂ ಕುದ್ದು ಮುಖಕ್ಕೇ ಹಾರುತ್ತದೆ. ಅರ್ಧ ಗಂಟೆಯಾದರೂ ಬಿಡಿ. ಪೂರ್ತಿ ತಣ್ಣಗಾದ ಮೇಲೆ ಮುಚ್ಚಳಕ್ಕೆ ದಪ್ಪ ಬಟ್ಟೆ ಹಾಕಿ ನಿಧಾನಕ್ಕೆ ತಿರುಗಿಸಿ. ಆಪತ್ತಿಗೆ ಸಾದಾ ನೀರು ಹಾಕಬಹುದು, ಊರು ಮುಟ್ಟಿದ ಮೇಲೆ ತೆಗೆಸಿ ಸರಿಯಾದ ಕೂಲಂಟ್ ಹಾಕಿಸಿ. ನಲ್ಲಿ ನೀರೇ ಉಳಿದರೆ ಒಳಗೆ ತುಕ್ಕು, ಸುಣ್ಣ ಕಟ್ಟುತ್ತದೆ.

ಡೊಂಬಿವಲಿ_ಧಾರವಾಡ

ಅಪ್‌ಡೇಟ್. ಠಾಣೆಯಲ್ಲಿ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿಸಿದೆ. ಬಂದ ಕೋಡ್ ಪಿ0302. ಹುಡುಗ ಚುರುಕು. ಎರಡನೇ ಸಿಲಿಂಡರಿನ ಕಾಯಿಲ್ ತೆಗೆದು ಮೂರನೆಯದಕ್ಕೆ ಹಾಕಿದ, ಮೂರನೆಯದನ್ನು ಎರಡನೆಯದಕ್ಕೆ ಹಾಕಿದ. ಕೋಡ್ ಅಳಿಸಿ, ಘೋಡ್‌ಬಂದರ್ ರಸ್ತೆಯ ಏರಿನಲ್ಲಿ ಓಡಿಸಿಕೊಂಡು ಬಂದೆವು. ಈ ಸಲ ಬಂದಿದ್ದು ಪಿ0303! ಕಾಯಿಲ್ ಜೊತೆಗೇ ಕೋಡೂ ಜಾಗ ಬದಲಿಸಿತು. ಆ ಒಂದು ಕಾಯಿಲ್ ಹೊಸದು ಹಾಕಿಸಿದೆ, ಪ್ಲಗ್ ಸವೆದಿದ್ದವು, ಅವನ್ನೂ ಬದಲಿಸಿದ. ಮೊದಲಿನವನು ಹೇಳಿದ ಎಂಟು ಸಾವಿರದ ಅರ್ಧವೂ ಆಗಲಿಲ್ಲ. ಯಾವ ಸೆನ್ಸರೂ ಹೋಗಿರಲಿಲ್ಲ.

ಕೋಥ್ರೂಡ್_ಕಟ್ಟೆ

ಆ ಹುಡುಗನನ್ನು ಬಿಡಬೇಡಿ. ಅದಲು ಬದಲು ಮಾಡಿ ನೋಡುವ ಮೆಕ್ಯಾನಿಕ್ ಈಗ ಅಪರೂಪ.

ಚೆಂಬೂರು_ಚಕ್ಲಿ

ನನ್ನ ಗಾಡಿಗೂ ಎಂಜಿನ್ ಲೈಟ್ ಬಂದಿತ್ತು. ಸ್ಕ್ಯಾನ್ ಮಾಡಿದರೆ ಏನೇನೋ ನಾಲ್ಕು ಕೋಡ್. ಬಾನೆಟ್ ತೆಗೆದರೆ ಇಲಿ ವೈರ್ ಕಡಿದಿತ್ತು. ಸೊಸೈಟಿಯ ಕಸದ ಡಬ್ಬಿ ಪಾರ್ಕಿಂಗಿನ ಪಕ್ಕದಲ್ಲೇ ಇದೆ. ಮುಂಬೈ ಇಲಿಗಳಿಗೆ ನಮಗಿಂತ ಜಾಸ್ತಿ ಬಾಡಿಗೆ ಹಕ್ಕು ಇದೆ.

ಫೋಂಡಾ_ಫಣಸು

ತಂಬಾಕಿನ ಎಲೆ ಕಟ್ಟಿ ಇಡಿ.

ಚೆಂಬೂರು_ಚಕ್ಲಿ

ಇಟ್ಟೆ. ಅದನ್ನೂ ತಿಂದವು.

ಮುಲುಂಡ್_ಮಲ್ಲಿಗೆ

ಮಳೆಗಾಲದಲ್ಲಿ ಹಿಂದ್‌ಮಾತಾ ಹತ್ತಿರ ನೀರಿನಲ್ಲಿ ಹೋದ ಮೇಲೆ ನಮ್ಮ ಗಾಡಿಗೆ ಎಬಿಎಸ್ ಲೈಟ್ ಬಂದು ಕೂತಿತ್ತು. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿತ್ತು. ಅದು ಯಾಕೆ?

ಘಾಟಿ_ಗೇರು

ಚಕ್ರದ ಹತ್ತಿರ ವೇಗ ಅಳೆಯುವ ಸೆನ್ಸರ್ ಇರುತ್ತದೆ. ನೀರು, ಕೆಸರು ಹೋದರೆ ಅದರ ಲೆಕ್ಕ ತಪ್ಪುತ್ತದೆ, ಎಬಿಎಸ್ ತಾನೇ ಬಂದ್ ಆಗುತ್ತದೆ. ಹಳದಿ ಎಬಿಎಸ್ ಒಂದೇ ಇದ್ದರೆ ಸಾದಾ ಬ್ರೇಕ್ ಇರುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ತುಳಿದರೆ ಚಕ್ರ ಲಾಕ್ ಆಗಿ ಜಾರಬಹುದು. ಎಬಿಎಸ್ ಜೊತೆ ಕೆಂಪು ಬ್ರೇಕ್ ಲೈಟೂ ಬಂದರೆ ಓಡಿಸಬೇಡಿ. ಹಿಂದಿನ, ಮುಂದಿನ ಚಕ್ರಕ್ಕೆ ಬ್ರೇಕ್ ಬಲ ಹಂಚುವ ವ್ಯವಸ್ಥೆಯೂ ಹೋಗಿರಬಹುದು.

ನೀರಿನ ವಿಷಯ ಬಂತು ಎಂದು ಹೇಳುತ್ತೇನೆ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಗಾಳಿ ಹೋಗುವ ದಾರಿಯಿಂದ ಸಿಲಿಂಡರಿಗೆ ನೀರು ಹೋಗಿದ್ದರೆ, ಸ್ಟಾರ್ಟ್ ಮಾಡಲು ಹೋದ ಕೂಡಲೇ ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನೀರನ್ನು ಪಿಸ್ಟನ್ ಒತ್ತಿ ಕುಗ್ಗಿಸಲು ಆಗುವುದಿಲ್ಲ. "ಒಳಗೆ ನೀರಿದೆ" ಎಂದು ಹೇಳುವ ಲೈಟ್ ಡ್ಯಾಶ್‌ಬೋರ್ಡಿನಲ್ಲಿ ಇಲ್ಲ. ಇನ್ಶೂರೆನ್ಸಿನಲ್ಲಿ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ತೆಗೆದುಕೊಳ್ಳದಿದ್ದರೆ ಈ ಖರ್ಚು ಸಾಮಾನ್ಯವಾಗಿ ನಿಮ್ಮ ತಲೆಗೇ.

ನಿಪ್ಪಾಣಿ_ನೇರ

ಕೆಂಪು ಬ್ರೇಕ್ ಲೈಟ್ ಬಹಳ ಸಲ ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸದೆ ಬರುವುದು. ಅದು ಇಳಿದಿದ್ದರೆ ಬ್ರೇಕ್ ಆಯಿಲ್ ಕಡಿಮೆ. ಆಯಿಲ್ ಹಾಕಿದರೆ ಹೋಗುತ್ತದೆ. ಇದಕ್ಕಾದರೂ ಒಪ್ಪುತ್ತೀರಾ ಗೇರು ಸಾಹೇಬರೇ?

ಘಾಟಿ_ಗೇರು

ಮುಕ್ಕಾಲು ಒಪ್ಪಿದೆ 🙂 ಆದರೆ ಬ್ರೇಕ್ ಆಯಿಲ್ ಯಾಕೆ ಕಡಿಮೆಯಾಯಿತು ಎಂದು ನೋಡಬೇಕು. ಬ್ರೇಕ್ ಪ್ಯಾಡ್ ಸವೆದಷ್ಟೂ ಅದನ್ನು ಒತ್ತುವ ಪಿಸ್ಟನ್ ಹೊರಗೆ ಬರುತ್ತದೆ, ಆ ಜಾಗ ತುಂಬಲು ಆಯಿಲ್ ಕೆಳಗೆ ಇಳಿಯುತ್ತದೆ. ಸುಮ್ನೆ ಮೇಲಿನಿಂದ ತುಂಬಿದರೆ ಪ್ಯಾಡ್ ಮುಗಿದಿದ್ದು ಗೊತ್ತಾಗುವುದಿಲ್ಲ. ಪ್ಯಾಡ್ ಚೆನ್ನಾಗಿದ್ದೂ ಆಯಿಲ್ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಇಳಿಜಾರಿನಲ್ಲಿ, ತಿರುವಿನಲ್ಲಿ ಮಾತ್ರ ಲೈಟ್ ಬಂದು ಹೋದರೂ ಲೆವೆಲ್ ಅಂಚಿಗೆ ಬಂದಿದೆ ಎಂದೇ ಅರ್ಥ.

ಕಾತ್ರಜ್_ಕಣಿವೆ

ಇಳಿಜಾರು ಅಂದಿರಿ, ನಮ್ಮ ಕಡೆ ಕಥೆ ಹೇಳಲೇಬೇಕು. ಕಾತ್ರಜ್ ಹೊಸ ಸುರಂಗದಿಂದ ನವಲೆ ಬ್ರಿಡ್ಜ್ ಕಡೆಗೆ ಉದ್ದ ಇಳಿಜಾರು ಇದೆಯಲ್ಲ, ಅಲ್ಲಿ ಡೀಸೆಲ್ ಉಳಿಸಲು ಟ್ರಕ್‌ನವರು ನ್ಯೂಟ್ರಲ್‌ಗೆ ಹಾಕಿ ಬಿಡುತ್ತಾರೆ. ಬ್ರೇಕ್ ಕಾದು ಹಿಡಿಯುವುದಿಲ್ಲ, ಮುಂದೆ ಇದ್ದವರ ಗತಿ ಮುಗಿಯಿತು. ಕಾರಿನವರೂ ಕಡಿಮೆ ಇಲ್ಲ. ಎಂಜಿನ್ ಆಫ್ ಮಾಡಿ ಇಳಿಯುವವರನ್ನು ಕಂಡಿದ್ದೇನೆ. ಆಫ್ ಆದರೆ ತುಳಿತಕ್ಕೆ ಬಲ ಕೊಡುವ ಬ್ರೇಕ್ ಬೂಸ್ಟರ್ ಒಂದೆರಡು ತುಳಿತಕ್ಕೆ ಖಾಲಿ, ಸ್ಟೀರಿಂಗ್ ಕಲ್ಲು.

ಆರ್‌ಪಿಎಂ ಮೀಟರ್ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ತೋರಿಸುವುದು) ಇರುವುದು ರೇಸಿಗೆ ಎಂದು ಎಲ್ಲರೂ ತಿಳಿದಿದ್ದಾರೆ. ಘಾಟಿ ಇಳಿಯುವಾಗ ಅದನ್ನು ನೋಡಿ. ಎರಡು ಅಥವಾ ಮೂರನೇ ಗೇರು, ಆಕ್ಸಿಲರೇಟರಿನಿಂದ ಕಾಲು ಪೂರ್ತಿ ಹೊರಗೆ, ಕಾಟಾ ಮೂರು ಸಾವಿರದ ಆಸುಪಾಸಿನಲ್ಲಿ ಇದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಕೆಂಪು ಗೆರೆ ಮುಟ್ಟದಿದ್ದರೆ ಸಾಕು, ಶಬ್ದಕ್ಕೆ ಹೆದರಬೇಡಿ. ಇಂಜೆಕ್ಷನ್ ಗಾಡಿಗಳಲ್ಲಿ ಹೀಗೆ ಗೇರಿನಲ್ಲಿ ಇಳಿಯುವಾಗ ಪೆಟ್ರೋಲ್ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲು ಸ್ವಲ್ಪವಾದರೂ ಬೇಕು. ಉಳಿತಾಯ ಎಲ್ಲಿ ಬಂತು?

ವಡಾಲಾ_ವಠಾರ

ಇದು ನಮ್ಮ ಸೋದರಮಾವನಿಗೆ ಫಾರ್ವರ್ಡ್ ಮಾಡಿದೆ. "ನಾನು ನಿಮ್ಮಪ್ಪನಿಗೆ ಗಾಡಿ ಕಲಿಸಿದವನು" ಎಂದು ಉತ್ತರ ಬಂತು.

ಚೆಂಬೂರು_ಚಕ್ಲಿ

ನಮ್ಮ ಗಾಡಿ 80 ದಾಟಿದರೆ ಟಿಂಗ್ ಟಿಂಗ್ ಎಂದು ತಲೆ ತಿನ್ನುತ್ತದೆ. ಅದನ್ನು ಬಂದ್ ಮಾಡಿಸಬಹುದಾ?

ವಾಸ್ಕೋ_ವಾರಾಂತ್ಯ

ಅದು ಕಾನೂನು. 2019ರ ಜುಲೈ 1ರಿಂದ ತಯಾರಾದ ಕಾರುಗಳಿಗೆ ವೇಗದ ಎಚ್ಚರಿಕೆ ಕಡ್ಡಾಯ. 80 ದಾಟಿದರೆ ಆಗಾಗ, 120 ದಾಟಿದರೆ ನಿಲ್ಲದೆ. ಸೀಟ್ ಬೆಲ್ಟ್ ರಿಮೈಂಡರ್, ಹಿಂದಿನ ಪಾರ್ಕಿಂಗ್ ಸೆನ್ಸರ್ ಕೂಡ ಅದೇ ದಿನದಿಂದ ಬಂದವು. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ಮಿತಿ 100, ಘಾಟಿ ಭಾಗದಲ್ಲಿ 60. ಕ್ಯಾಮೆರಾ ಟಿಂಗ್ ಟಿಂಗ್ ಅನ್ನುವುದಿಲ್ಲ, ಸೀದಾ ಚಲನ್ ಕಳಿಸುತ್ತದೆ.

ಕಾತ್ರಜ್_ಕಣಿವೆ

ಮೀಟರಿನಲ್ಲಿ 100 ತೋರಿಸಿದರೆ ಜಿಪಿಎಸ್‌ನಲ್ಲಿ ನನಗೆ 95ರ ಹತ್ತಿರ ಬರುತ್ತದೆ. ಮೀಟರ್ ಹಾಳಾಗಿದೆಯಾ?

ಘಾಟಿ_ಗೇರು

ಹಾಳಾಗಿಲ್ಲ. ಮೀಟರ್ ಬೇಕೆಂದೇ ಸ್ವಲ್ಪ ಜಾಸ್ತಿ ತೋರಿಸುತ್ತದೆ. ವಿಶ್ವಸಂಸ್ಥೆಯ ಆರ್39 ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಹೆಚ್ಚು ತೋರಿಸಲು ಮಾತ್ರ ನಿಜವಾದ ವೇಗದ ಶೇಕಡಾ 10, ಅದರ ಮೇಲೆ ಗಂಟೆಗೆ 4 ಕಿ.ಮೀ. ತನಕ ರಿಯಾಯಿತಿ. ನಿಜವಾಗಿ 100ರಲ್ಲಿದ್ದರೆ 114 ತೋರಿಸಿದರೂ ಆ ನಿಯಮಕ್ಕೆ ಸರಿಯೇ. ಕಂಪನಿ ಕೊಟ್ಟಿದ್ದಕ್ಕಿಂತ ದೊಡ್ಡ ಟೈರ್ ಹಾಕಿಸಿಕೊಂಡವರು ಮಾತ್ರ ಹುಷಾರು, ಆಗ ಲೆಕ್ಕ ಉಲ್ಟಾ ಆಗಬಹುದು.

ಫೋಂಡಾ_ಫಣಸು

ಗೋವಾಕ್ಕೆ ಬರುವವರಿಗೆ ಒಂದು ಮಾತು. ಬಾಡಿಗೆ ಕಾರು, ಅದೇ ಕಪ್ಪು ಪ್ಲೇಟಿನ ಹಳದಿ ಅಕ್ಷರದ್ದು, ತೆಗೆದುಕೊಳ್ಳುವಾಗ ಎಲ್ಲರೂ ಗೀರು, ಡೆಂಟ್ ವಿಡಿಯೋ ಮಾಡುತ್ತಾರೆ. ಕೀ ಆನ್ ಮಾಡಿ ಡ್ಯಾಶ್‌ಬೋರ್ಡಿನದ್ದೂ ವಿಡಿಯೋ ಮಾಡಿ. ನಮ್ಮ ನೆಂಟರೊಬ್ಬರಿಗೆ ಟೈರ್ ಒತ್ತಡದ ಲೈಟ್ ಮೊದಲೇ ಇದ್ದ ಗಾಡಿ ಕೊಟ್ಟು, ವಾಪಸ್ ಕೊಡುವಾಗ "ನೀವು ಪಂಕ್ಚರ್ ಮಾಡಿದ್ದೀರಿ" ಎಂದು ದುಡ್ಡು ಹಿಡಿದುಕೊಂಡರು. ಪೆಟ್ರೋಲ್ ಕಡ್ಡಿಯೂ ಅದೇ ವಿಡಿಯೋದಲ್ಲಿ ಬರುತ್ತದೆ.

ಮುಲುಂಡ್_ಮಲ್ಲಿಗೆ

ಟೈರ್ ಲೈಟ್ ಅಂದರೆ ಕುದುರೆ ಲಾಳದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುತ್ತದಲ್ಲ, ಅದಾ? ಲೋಣಾವಳಾದಲ್ಲಿ ಚಳಿಗಾಲದ ಬೆಳಿಗ್ಗೆ ಬರುತ್ತದೆ, ಹತ್ತು ಗಂಟೆಗೆ ಹೋಗುತ್ತದೆ.

ಕೋಥ್ರೂಡ್_ಕಟ್ಟೆ

ಅದೇ. ಚಳಿಗೆ ಗಾಳಿಯ ಒತ್ತಡ ಇಳಿಯುತ್ತದೆ, ಓಡಿ ಟೈರ್ ಬಿಸಿಯಾದರೆ ಏರುತ್ತದೆ. ಲೈಟ್ ಹೋಯಿತು ಎಂದು ಬಿಡಬೇಡಿ, ತಣ್ಣಗಿರುವಾಗ ಗಾಳಿ ಹಾಕಿಸಿ. ಎಷ್ಟು ಎಂದು ಡ್ರೈವರ್ ಬಾಗಿಲಿನ ಪಕ್ಕದ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಕೀ ಹಾಕಿದಾಗ ಈ ಲೈಟ್ ಸುಮಾರು ಒಂದು ನಿಮಿಷ ಮಿಣುಕಿ ಆಮೇಲೆ ನಿಂತರೆ, ಗಾಳಿಯಲ್ಲ, ಸಿಸ್ಟಂನಲ್ಲೇ ತೊಂದರೆ.

ಪೆಟ್ರೋಲ್ ಕಡ್ಡಿಯ ಪಕ್ಕ ಪಂಪಿನ ಚಿತ್ರಕ್ಕೆ ಒಂದು ಸಣ್ಣ ಬಾಣ ಇರುತ್ತದೆ, ನೋಡಿದ್ದೀರಾ? ಟ್ಯಾಂಕಿನ ಮುಚ್ಚಳ ಯಾವ ಕಡೆ ಎಂದು ಅದು ಹೇಳುತ್ತದೆ. ಬಾಡಿಗೆ ಕಾರಿನಲ್ಲಿ ಪಂಪಿಗೆ ಹೋಗಿ ಉಲ್ಟಾ ನಿಲ್ಲಿಸಿ ಬೈಸಿಕೊಳ್ಳುವುದು ತಪ್ಪುತ್ತದೆ.

ಡೊಂಬಿವಲಿ_ಧಾರವಾಡ

ಬಾಣ ಇದೆ! ಇಷ್ಟು ದಿನ ಕನ್ನಡಿಯಲ್ಲಿ ಬಗ್ಗಿ ನೋಡುತ್ತಿದ್ದೆ. ಇನ್ನು ಇಷ್ಟು ಕಿ.ಮೀ. ಓಡುತ್ತದೆ ಎಂದು ತೋರಿಸುತ್ತದಲ್ಲ, ಅದನ್ನು ನಂಬಬಹುದಾ? ಖಂಬಾಟ್ಕಿ ಘಾಟಿ, ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾರಿ ನಮ್ಮದು.

ನಿಪ್ಪಾಣಿ_ನೇರ

ನಂಬಬೇಡಿ. ಇಲ್ಲಿಯ ತನಕ ಹೇಗೆ ಓಡಿಸಿದಿರೋ ಅದರ ಸರಾಸರಿ ಮೇಲೆ ಲೆಕ್ಕ ಹಾಕುತ್ತದೆ, ಮುಂದೆ ಘಾಟಿ ಇದೆ ಎಂದು ಅದಕ್ಕೆ ಗೊತ್ತಿಲ್ಲ. ಕಾಲು ಟ್ಯಾಂಕಿಗೆ ಬಂದರೆ ತುಂಬಿಸಿ. ಪೆಟ್ರೋಲ್ ಪಂಪು ಟ್ಯಾಂಕಿನ ಒಳಗೆ ಪೆಟ್ರೋಲಿನಲ್ಲೇ ಮುಳುಗಿ ತಣ್ಣಗಿರುತ್ತದೆ, ರಿಸರ್ವಿನಲ್ಲೇ ಓಡಿಸುವ ಅಭ್ಯಾಸ ಅದಕ್ಕೆ ಒಳ್ಳೆಯದಲ್ಲ. ಬೆಳಗಾವಿಯಲ್ಲಿ ಕುಂದಾ ಕೊಳ್ಳಲು ನಿಲ್ಲುತ್ತೀರಲ್ಲ, ಆಗ ನೋಡಿ.

ಘಾಟಿ_ಗೇರು

ಇದಕ್ಕೆ ನೂರಕ್ಕೆ ನೂರು ಒಪ್ಪಿಗೆ. ಕುಂದಾಕ್ಕೂ.

ಠಾಣೆ_ಠೀವಿ

ತಡವಾಗಿ ಬಂದೆ, ಕ್ಷಮಿಸಿ. ನನ್ನದು ಬಿಎಸ್6 ಡೀಸೆಲ್. ಮನೆ ಠಾಣೆ, ಆಫೀಸು ವಾಗ್ಳೆ ಎಸ್ಟೇಟ್, ದಿನಾ ಹತ್ತು ನಿಮಿಷದ ದಾರಿ. ಸೈಲೆನ್ಸರಿನಂಥ ಚಿತ್ರದೊಳಗೆ ಚುಕ್ಕೆಗಳಿರುವ ಹಳದಿ ಲೈಟ್ ಬಂದಿದೆ. ಏನದು?

ಘಾಟಿ_ಗೇರು

ಡಿಪಿಎಫ್. ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಅದು. ಹಿಡಿದ ಮಸಿಯನ್ನು ಆಗಾಗ 600 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟು ಹಾಕಬೇಕು. ಹತ್ತು ನಿಮಿಷದ ಟ್ರಾಫಿಕ್ಕಿನಲ್ಲಿ ಅಷ್ಟು ಕಾಯುವುದೇ ಇಲ್ಲ. ಹಳದಿ ಇರುವಾಗಲೇ ಖಾಲಿ ರಸ್ತೆಯಲ್ಲಿ 60ರ ಮೇಲೆ, ಎರಡು ಸಾವಿರ ಆರ್‌ಪಿಎಂ ಹತ್ತಿರ, ನಿಲ್ಲಿಸದೆ 15ರಿಂದ 20 ನಿಮಿಷ ಓಡಿಸಿ. ಲೈಟ್ ಹೋಗುವ ತನಕ ಆಫ್ ಮಾಡಬೇಡಿ. ಉದಾಸೀನ ಮಾಡಿದರೆ ಗಾಡಿ ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ, ಆಮೇಲೆ ವರ್ಕ್‌ಶಾಪಿನಲ್ಲೇ ಸುಡಿಸಬೇಕು.

ಠಾಣೆ_ಠೀವಿ

ಮುಂಬೈನಲ್ಲಿ 20 ನಿಮಿಷ ನಿಲ್ಲಿಸದೆ ಓಡಿಸುವ ರಸ್ತೆ ಎಲ್ಲಿದೆ ಸರ್?

ವಡಾಲಾ_ವಠಾರ

ಅಟಲ್ ಸೇತು. 21.8 ಕಿ.ಮೀ., ಸಿಗ್ನಲ್ ಇಲ್ಲ. ಫಿಲ್ಟರ್ ಸುಡಲು ಹೇಳಿ ಮಾಡಿಸಿದ್ದು. ಟೋಲ್ ಮಾತ್ರ ನಿಮ್ಮ ಜೇಬು ಸುಡುತ್ತದೆ.

ಕಾತ್ರಜ್_ಕಣಿವೆ

ಬೆಳಗಿನ ಐದು ಗಂಟೆಗೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಹಿಡಿದು ಭಿವಂಡಿ ದಾಟಿ ನಾಶಿಕ್ ಕಡೆ ಸ್ವಲ್ಪ ದೂರ ಹೋಗಿ ಬನ್ನಿ. ಆ ಹೊತ್ತಿನಲ್ಲಿ ನಿಲ್ಲುವ ಪ್ರಸಂಗ ಕಡಿಮೆ.

ಘಾಟಿ_ಗೇರು

ಹೋಗುವ ಮುಂಚೆ ಡಿಪ್‌ಸ್ಟಿಕ್ ನೋಡಿ. ಸುಡುವ ಕೆಲಸ ಪದೇ ಪದೇ ಅರ್ಧಕ್ಕೆ ನಿಂತಿದ್ದರೆ, ಅದಕ್ಕೆಂದು ಹೆಚ್ಚಾಗಿ ಸಿಂಪಡಿಸಿದ ಡೀಸೆಲ್ ಎಂಜಿನ್ ಆಯಿಲಿಗೆ ಇಳಿದಿರುತ್ತದೆ. ಆಯಿಲ್ ಮಟ್ಟ ಮೇಲಿನ ಗುರುತು ದಾಟಿದ್ದರೆ ಓಡಿಸಬೇಡಿ, ಮೊದಲು ಆಯಿಲ್ ಬದಲಿಸಿ.

ಠಾಣೆ_ಠೀವಿ

ನೋಡಿದೆ, ಗುರುತಿನ ಒಳಗೇ ಇದೆ. ನಾಳೆ ಬೆಳಿಗ್ಗೆ ನಾಶಿಕ್ ರಸ್ತೆ. ಟೋಲ್ ಇಲ್ಲದ ಕಡೆ ತಿರುಗಿಸಿಕೊಂಡು ಬರುತ್ತೇನೆ.